ಫಾರ್ವರ್ಡ್ ಮಾತಿಗೆ ಅಂಕಿತ ಯಾರದು?

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಊರು. ಅವರ ವಚನಗಳ ಕೊನೆಗೆ ‘ಕಲಿದೇವರದೇವ’ ಅನ್ನೋ ಅಂಕಿತ. ಅದು ದೇವರ ಹೆಸರು, ನಿಜ. ಆದರೆ ಎಂಟು ಶತಮಾನ ಕಳೆದ ಮೇಲೂ ಆ ಮಾತು ಯಾರದು ಅಂತ ಗುರುತು ಹಿಡಿಯೋದು ಅದರಿಂದಲೇ.

ಈಗ ನಿಮ್ಮೂರಿನ ವಾಟ್ಸ್ಆ್ಯಪ್ ಗ್ರೂಪ್ ತೆರೆದು ನೋಡಿ. ಉದ್ದುದ್ದ ಸಂದೇಶ, ಕೆಳಗೆ ‘ಬಂದದ್ದನ್ನು ಕಳಿಸಿದ್ದೇನೆ’ ಅನ್ನೋ ಒಂದು ಸಾಲು. ಮಾತಿದೆ, ಅದಕ್ಕೆ ಹೊಣೆಗಾರರಿಲ್ಲ.

ಇದರ ಬೆಲೆ ಏನು ಅಂತ ಕರ್ನಾಟಕಕ್ಕೆ ಗೊತ್ತಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಪದೇ ಪದೇ ಫಾರ್ವರ್ಡ್ ಆದ ಸಂದೇಶಕ್ಕೆ ಒಮ್ಮೆಗೆ ಒಂದೇ ಚಾಟ್ ಅಂತಾಯಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತು ಅಂತ ಕಂಪನಿಯೇ ಹೇಳಿಕೊಂಡಿದೆ. ಅಂದರೆ ಯಾರ ಬಾಯಿಯನ್ನೂ ಮುಚ್ಚಿಸದೆ, ಬೆರಳಿಗೆ ಸ್ವಲ್ಪ ತಡೆ ಹಾಕಿದರೂ ಸಾಕಷ್ಟು ಫಲ ಸಿಗುತ್ತೆ.

ಸರ್ಕಾರಕ್ಕೆ ಮಾತ್ರ ಜೈಲಿನ ದಾರಿಯೇ ಕಾಣುತ್ತೆ. 2025ರ ಜೂನ್‌ನಲ್ಲಿ ಹೊರಬಂದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡದ ಪ್ರಸ್ತಾವವಿತ್ತು. ಯಾವುದು ಸುಳ್ಳು ಅಂತ ನೋಡುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು! ಅಸ್ಪಷ್ಟ ಪದಗಳ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರಲ್ಲಿ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದ್ದನ್ನು ಇಷ್ಟು ಬೇಗ ಮರೆತರೆ ಹೇಗೆ?

ಹಾಗಂತ ನಮ್ಮ ಹೊಣೆ ತಪ್ಪಲ್ಲ. ಫಾರ್ವರ್ಡ್ ಒತ್ತುವ ಮುಂಚೆ ನಮ್ಮದೇ ಒಂದು ಸಾಲು ಬರೆಯೋಣ: ಇದು ಎಲ್ಲಿಯದು, ಯಾವತ್ತಿನದು, ನಾನು ಯಾಕೆ ಕಳಿಸ್ತಿದ್ದೀನಿ. ಆ ಸಾಲು ಬರೆಯೋಕೆ ಆಗದಿದ್ದರೆ ಕಳಿಸೋದೂ ಬೇಡ. ಅಧಿಕಾರಸ್ಥರಿಗೆ ಹೆದರಿ ಹೆಸರು ಮುಚ್ಚಿಡಬೇಕಾದವರ ಮಾತು ಬೇರೆ. ಅವರಿಗೆ ಆ ರಕ್ಷಣೆ ಇರಲೇಬೇಕು. ಆದರೆ ಅವರ ಮಾತನ್ನು ಪರಿಶೀಲಿಸಿ ಮುಂದಕ್ಕೆ ಕಳಿಸುವ ನಾವು ಹೆಸರು ಹಾಕಬಹುದಲ್ಲ?

ಇದು ರಾಜಕೀಯದ ಪ್ರಶ್ನೆಯೂ ಹೌದು. ‘ವ್ಯವಸ್ಥೆ ಹಾಳಾಗಿದೆ’ ಅನ್ನೋ ನೂರು ಫಾರ್ವರ್ಡ್‌ಗೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಿಲ್ಲ. ‘ನಮ್ಮ ವಾರ್ಡಿಗೆ ಆರು ದಿನದಿಂದ ನೀರಿಲ್ಲ, ಇವತ್ತು ದೂರು ಕೊಟ್ಟಿದ್ದೇನೆ’ ಅಂತ ಹೆಸರು ಹಾಕಿ ಬರೆದ ಒಂದು ಸಾಲಿನಿಂದ ತಪ್ಪಿಸಿಕೊಳ್ಳೋದು ಅಷ್ಟು ಸುಲಭವಲ್ಲ.