ಕೆಲಸ ಕೊಟ್ಟವರೇ ಪರೀಕ್ಷಕರು

ಚಲಿಸುವ ಚಿತ್ರವನ್ನು ತೆಗೆಯಬಲ್ಲ ಯಂತ್ರವಿಲ್ಲದ ಮನೆ ಇಂದು ವಿರಳವೆಂದೇ ಹೇಳಬೇಕು. ಜೇಬಿನಲ್ಲಿರುವ ಮೊಬೈಲೇ ಕ್ಯಾಮೆರವೂ ಆಗಿದೆ, ಧ್ವನಿಮುದ್ರಣ ಯಂತ್ರವೂ ಆಗಿದೆ, ಸಂಕಲನದ ಮೇಜೂ ಆಗಿದೆ. ಆದುದರಿಂದ ವೀಡಿಯೊ ಚಿತ್ರ ತಯಾರಿಕೆ ಕಲಿಯಬೇಕಾದ ವಿದ್ಯೆಯೇ ಅಲ್ಲವೆಂದು ನಮ್ಮ ತರುಣರಲ್ಲಿ ಹಲವರು ಭಾವಿಸಿರುವುದುಂಟು. ಲೇಖನಿ ಹಿಡಿದವರೆಲ್ಲರೂ ಸಾಹಿತಿಗಳಾಗುವುದಿಲ್ಲವೆಂಬುದನ್ನು ಒಪ್ಪುವ ನಾವು, ಕ್ಯಾಮೆರದ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ಮರೆಯುತ್ತೇವೆ.

ಗುಂಡಿ ಒತ್ತಿ ಚಿತ್ರ ತೆಗೆಯುವುದು ಮೊದಲ ಮೆಟ್ಟಿಲು. ಬೆಳಕನ್ನು ಅಳೆದು ಹರಡುವುದು, ಗದ್ದಲದ ನಡುವೆ ಮಾತನ್ನು ಮಾತ್ರ ಹಿಡಿಯುವುದು, ಹಲವು ಗಂಟೆಗಳ ಚಿತ್ರಣವನ್ನು ಹತ್ತು ನಿಮಿಷಕ್ಕೆ ಇಳಿಸುವುದು, ಇಷ್ಟೆಲ್ಲವನ್ನೂ ಮಾಡಿ ನೋಡುವವರಿಗೆ ಒಂದು ವಿಷಯವನ್ನು ತಪ್ಪಿಲ್ಲದೆ ತಿಳಿಸುವುದು — ಇವು ಮೇಲಿನ ಮೆಟ್ಟಿಲುಗಳು. ಇವನ್ನು ವಿದ್ಯಾರ್ಥಿಗಳು ಹತ್ತುವುದು ಹೇಗೆ? ಪಾಠ ಕೇಳಿ, ಅಭ್ಯಾಸ ಮಾಡಿ, ಅಂಕ ಪಡೆಯುವುದು ಒಂದು ಮಾರ್ಗ. ನಾಲ್ಕಾರು ಜನ ಸೇರಿ, ನಿಜವಾಗಿ ಚಿತ್ರ ಬೇಕಾಗಿರುವ ಒಬ್ಬರಿಗಾಗಿ ಅದನ್ನು ಮಾಡಿಕೊಟ್ಟು ಕಲಿಯುವುದು ಇನ್ನೊಂದು ಮಾರ್ಗ. ಎರಡನೆಯದೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಆದರೆ ಈ ಅಭಿಪ್ರಾಯಕ್ಕೆ ನಾವು ಬಂದದ್ದು ಒಂದು ತಪ್ಪನ್ನು ಮಾಡಿದ ಮೇಲೆಯೇ.

ಭೌತವಿಜ್ಞಾನದ ಅಧ್ಯಾಪಕರಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಬೆಳಕು, ಶಬ್ದ, ಕಾಲ — ಈ ಮೂರನ್ನು ಬಿಟ್ಟರೆ ವೀಡಿಯೊ ಚಿತ್ರದಲ್ಲಿ ಉಳಿಯುವುದು ಬಹಳ ಕಡಮೆ. ಈ ಮೂರೂ ನಮ್ಮ ಪಾಠಗಳೇ.

ಕೆಲವು ವರ್ಷಗಳ ಹಿಂದೆ, ನಮ್ಮ ಕಾಲೇಜಿಗೆ ಸಮೀಪದ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದರು. ಸಂಘಕ್ಕೆ ಹಾಲು ಹಾಕುವವರಿಗೆ ದೊರೆಯುವ ಬೆಲೆ ಹಾಲಿನ ಜಿಡ್ಡನ್ನೂ ಜಿಡ್ಡಲ್ಲದ ಘನಾಂಶವನ್ನೂ ಅವಲಂಬಿಸುತ್ತದೆ. ‘ಡಿಗ್ರಿ ಬರಲಿಲ್ಲ’ ಎಂಬ ಮಾತಿನಿಂದ ದಿನ ಬೆಳಗಾದರೆ ಡೈರಿಯ ಬಾಗಿಲಲ್ಲಿ ಜಗಳ. ಪರೀಕ್ಷೆ ನಡೆಯುವ ಕ್ರಮವನ್ನು ಸದಸ್ಯರಿಗೆ ವಿವರಿಸುವ ಹತ್ತು ನಿಮಿಷದ ಚಿತ್ರವೊಂದನ್ನು ಮಾಡಿಕೊಡಬೇಕೆಂದು ಅವರು ಕೇಳಿಕೊಂಡರು. ಆರು ಮಂದಿ ವಿದ್ಯಾರ್ಥಿಗಳು ಉತ್ಸಾಹದಿಂದ ಮುಂದೆ ಬಂದರು. ನಾವೂ ಒಪ್ಪಿದೆವು.

ಮೊದಲನೆಯ ಬೆಳಗ್ಗೆಯೇ ಪಾಠಗಳು ಆರಂಭವಾದುವು. ಡೈರಿಯ ಕೊಠಡಿಯಲ್ಲಿ ದೀಪವಿತ್ತು. ಕಣ್ಣಿಗೆ ಅದು ಸ್ಥಿರವಾಗಿಯೇ ಕಾಣುತ್ತಿತ್ತು. ಆದರೆ ತೆಗೆದ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದುವು. ನಮ್ಮ ದೇಶದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪ್ರತಿ ಆವರ್ತದಲ್ಲಿಯೂ ಎರಡು ಬಾರಿ ಪ್ರವಾಹ ಉಚ್ಚಾವಸ್ಥೆಗೆ ಬರುವುದರಿಂದ ಇಂತಹ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರದ ಸಂವೇದಕವು ಇಡೀ ಚಿತ್ರವನ್ನು ಒಮ್ಮೆಗೇ ಓದದೆ ಸಾಲುಸಾಲಾಗಿ ಓದುತ್ತದೆ. ಬೆಳಕಿಗೆ ತೆರೆದಿರುವ ಅವಧಿ ಸೆಕೆಂಡಿನ 250ನೆಯ ಒಂದು ಭಾಗವಾದರೆ, ಕೆಲವು ಸಾಲುಗಳಿಗೆ ಹೆಚ್ಚು ಬೆಳಕೂ ಕೆಲವಕ್ಕೆ ಕಡಮೆ ಬೆಳಕೂ ದೊರೆಯುವುದು ಸಹಜ. ಅವಧಿಯನ್ನು 50ನೆಯ ಒಂದು ಭಾಗಕ್ಕೋ 100ನೆಯ ಒಂದು ಭಾಗಕ್ಕೋ ಇಟ್ಟರೆ, ಪ್ರತಿ ಸಾಲಿಗೂ ಏರಿಳಿತದ ಪೂರ್ಣ ಸಂಖ್ಯೆ ದೊರೆತು ಪಟ್ಟೆಗಳು ಮಾಯವಾಗುತ್ತವೆ. ಪರ್ಯಾಯ ಪ್ರವಾಹದ ಅಧ್ಯಾಯವನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದ ಹುಡುಗಿಯೊಬ್ಬಳು ಅದನ್ನು ಅಂದು ಮೊದಲ ಬಾರಿಗೆ ಕಣ್ಣಾರೆ ಕಂಡಳು.

ಶಬ್ದದ ಪಾಠ ಇನ್ನೂ ಕಠಿನವಾಗಿತ್ತು. ಹಾಲನ್ನು ತಂಪಾಗಿಸುವ ಯಂತ್ರದ ಮೊರೆತದಲ್ಲಿ ಮಾತುಗಳು ಮುಳುಗಿಹೋಗಿದ್ದುವು. ಯಂತ್ರವನ್ನು ನಿಲ್ಲಿಸುವಂತಿಲ್ಲ, ಹಾಲು ಕೆಡುತ್ತದೆ. ವಿದ್ಯಾರ್ಥಿಗಳು ಎರಡು ಮೀಟರು ದೂರವಿದ್ದ ಮೈಕನ್ನು ಮಾತನಾಡುವವರ ಬಾಯಿಂದ 20 ಸೆಂಟಿಮೀಟರಿಗೆ ತಂದರು. ದೂರ ಹತ್ತನೆಯ ಒಂದಾದಾಗ, ವಿಲೋಮ ವರ್ಗ ನಿಯಮದಂತೆ, ನೇರವಾಗಿ ಬರುವ ಮಾತಿನ ತೀವ್ರತೆ ನೂರು ಪಾಲು ಹೆಚ್ಚುತ್ತದೆ. ಅಂದರೆ 20 ಡೆಸಿಬೆಲ್. ದೂರದ ಯಂತ್ರದ ಸದ್ದಾದರೋ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಹಣ ಕೊಟ್ಟು ಹೊಸ ಉಪಕರಣ ತರದೆ, ಒಂದು ಸೂತ್ರದಿಂದ ಕಾರ್ಯ ಸಾಧಿಸಿತು.

ಇಷ್ಟಾದುದಕ್ಕೆ ನಾವು ಹಿಗ್ಗಿದೆವು. ಚಿತ್ರ ಸಿದ್ಧವಾಯಿತು. ನಾವೂ ನೋಡಿ ಮೆಚ್ಚಿದೆವು. ಸಂಘದ ಅಂಗಳದಲ್ಲಿ ಒಂದು ಸಂಜೆ ಅದನ್ನು ಸದಸ್ಯರಿಗೆ ತೋರಿಸಿದ್ದಾಯಿತು. ಲ್ಯಾಕ್ಟೋಮೀಟರು ಹಾಲಿನಲ್ಲಿ ಹೆಚ್ಚು ಮುಳುಗಿದರೆ ಅದರ ಅಂಕ ಕಡಮೆಯಾಗುತ್ತದೆಂದೂ, ಅಂಕ ಕಡಮೆಯಾದರೆ ನೀರು ಬೆರೆತಿದೆಯೆಂದು ತಿಳಿಯಬೇಕೆಂದೂ ಚಿತ್ರ ಹೇಳುತ್ತಿತ್ತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತು ಕೇಳಿದಳು: “ಅಲ್ಲ ಕಣಪ್ಪ, ಆಗ್ತಾನೆ ಕರೆದ ಹಾಲು ತಂದ್ರೆ ಡಿಗ್ರಿ ಕಮ್ಮಿ ಬತ್ತದಲ್ಲ, ನಾನೂ ನೀರು ಹಾಕಿದೀನಿ ಅಂತೀರಾ?”

ಆಕೆಯ ಮಾತು ನೂರಕ್ಕೆ ನೂರು ಸರಿ. ನಮ್ಮ ದೇಶದ ಮಾನಕದಂತೆ ಲ್ಯಾಕ್ಟೋಮೀಟರಿನ ಗುರುತುಗಳು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿದವು. ಆಗ ತಾನೆ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಬೆಚ್ಚಗಿನ ದ್ರವದ ಸಾಂದ್ರತೆ ಕಡಮೆ. ಆದುದರಿಂದ ಲ್ಯಾಕ್ಟೋಮೀಟರು ಅದರಲ್ಲಿ ಹೆಚ್ಚು ಮುಳುಗುತ್ತದೆ. ಪ್ರತಿ ಡಿಗ್ರಿ ಉಷ್ಣತೆಗೂ ಸುಮಾರು 0.2 ಅಂಕವನ್ನು ಸೇರಿಸಿ ತಿದ್ದಬೇಕೆಂಬುದು ರೂಢಿಯ ನಿಯಮ. ಹತ್ತು ಡಿಗ್ರಿ ಹೆಚ್ಚಿದ್ದರೆ ಎರಡು ಅಂಕದ ವ್ಯತ್ಯಾಸ. ಅಂಕ 28 ಇರಬೇಕಾದ ಶುದ್ಧ ಹಾಲು 26 ತೋರಿಸುತ್ತದೆ. ನೂರಕ್ಕೆ ಏಳರಷ್ಟು ನೀರು ಬೆರೆತಂತೆ ಕಾಣುತ್ತದೆ. ಇದನ್ನು ಬಿಟ್ಟ ನಮ್ಮ ಚಿತ್ರವು ಪ್ರಾಮಾಣಿಕಳಾದ ಒಬ್ಬ ಹೆಂಗಸನ್ನು ಅವಳ ನೆರೆಹೊರೆಯವರ ಮುಂದೆ ಕಳ್ಳಿಯನ್ನಾಗಿ ಮಾಡಿತ್ತು.

ಸಾಂದ್ರತೆಯೂ ಉಷ್ಣ ವ್ಯಾಕೋಚನವೂ ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದ ವಿಷಯಗಳಲ್ಲ. ನಮಗಂತೂ ತಿಳಿದೇ ಇತ್ತು. ಬೇರೆಬೇರೆ ಅಧ್ಯಾಯಗಳಲ್ಲಿದ್ದ ಈ ಎರಡು ವಿಷಯಗಳನ್ನು ಯಾವ ಪ್ರಶ್ನಪತ್ರಿಕೆಯೂ ಒಂದುಗೂಡಿಸಿರಲಿಲ್ಲ. ಹಾಲಿನ ಕ್ಯಾನನ್ನು ಹೊತ್ತು ತರುವವಳು ಒಂದುಗೂಡಿಸಿದಳು. ಮರುವಾರ ವಿದ್ಯಾರ್ಥಿಗಳು ಮತ್ತೆ ಹೋದರು. ಒಂದೇ ಹಾಲನ್ನು ಬಿಸಿಯಾಗಿದ್ದಾಗಲೂ ತಣಿದ ಮೇಲೂ ಅಳೆದು ಎರಡು ಅಂಕಗಳನ್ನೂ ತೆರೆಯ ಮೇಲೆ ಪಕ್ಕಪಕ್ಕದಲ್ಲಿ ತೋರಿಸಿದರು. ಕೆನೆ ತೆಗೆದ ಹಾಲಿನ ಸಾಂದ್ರತೆ ಹೆಚ್ಚುವುದರಿಂದ, ಕೆನೆ ತೆಗೆದು ನೀರು ಬೆರೆಸಿದವನು ಲ್ಯಾಕ್ಟೋಮೀಟರನ್ನು ಮೋಸಗೊಳಿಸಬಲ್ಲನೆಂದೂ, ಜಿಡ್ಡಿನ ಪರೀಕ್ಷೆ ಜೊತೆಯಲ್ಲಿಯೇ ನಡೆಯುವುದು ಇದಕ್ಕಾಗಿಯೆಂದೂ ಸೇರಿಸಿದರು. ಎರಡನೆಯ ಚಿತ್ರ ಮೊದಲಿನದಕ್ಕಿಂತ ಅಂದವಾಗಿರಲಿಲ್ಲ. ಆದರೆ ಅದು ಸತ್ಯವಾಗಿತ್ತು.

ಕೆಲಸದ ಒತ್ತಾಯದಿಂದ ಜ್ಞಾನ ಹುಟ್ಟುವುದು ವಿಜ್ಞಾನದ ಚರಿತ್ರೆಯಲ್ಲಿ ಹೊಸದಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತು ಕೇಳಿಸುತ್ತಿರಲಿಲ್ಲ; ಪ್ರತಿಯೊಂದು ಶಬ್ದವೂ ಸುಮಾರು ಐದೂವರೆ ಸೆಕೆಂಡು ಅನುರಣಿಸುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ 27 ವರ್ಷದ ಭೌತವಿಜ್ಞಾನದ ಅಧ್ಯಾಪಕ ವಾಲೆಸ್ ಸೇಬಿನನಿಗೆ ಬಂದಿತು. ಆತ ಸಹಾಯಕರೊಡನೆ ರಾತ್ರಿಯ ವೇಳೆ ಇನ್ನೊಂದು ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು, ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತ, ಆರ್ಗನ್ ಕೊಳವೆಯ ನಾದ ಅಡಗುವ ಕಾಲವನ್ನು ಅಳೆದನು. ಅನುರಣನದ ಕಾಲವು ಕೊಠಡಿಯ ಗಾತ್ರಕ್ಕೆ ಅನುಲೋಮವಾಗಿಯೂ ಶಬ್ದವನ್ನು ಹೀರುವ ಸಾಮರ್ಥ್ಯಕ್ಕೆ ವಿಲೋಮವಾಗಿಯೂ ಇರುತ್ತದೆಂಬ ನಿಯಮ ಹೀಗೆ ದೊರೆಯಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತ ಮಂದಿರವನ್ನು ಈ ನಿಯಮದ ನೆರವಿನಿಂದಲೇ ಕಟ್ಟಿದರು. ಮಾತು ಕೇಳಿಸುವುದಿಲ್ಲವೆಂದು ಯಾರೂ ದೂರದಿದ್ದರೆ ಸೇಬಿನನು ಈ ಮಾರ್ಗಕ್ಕೆ ಬರುತ್ತಿದ್ದನೋ ಇಲ್ಲವೋ.

ನಮ್ಮ ನಾಡಿನಲ್ಲಿಯೂ ಇಂತಹ ನಿದರ್ಶನವುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಶಿಕ್ಷಣದ ಪ್ರಯೋಗ ನಡೆಯಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಕನ್ನಡ ಕಾರ್ಯಕ್ರಮಗಳನ್ನು ಕಂಡುವು. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದಲ್ಲಿ ಆಗ ನಿರ್ದೇಶಕರಾಗಿದ್ದವರು ಭೌತವಿಜ್ಞಾನಿ ಯಶ್ ಪಾಲರು. ಉಪಗ್ರಹದ ತಾಂತ್ರಿಕತೆಯಷ್ಟೇ ಅಲ್ಲದೆ, ಹಳ್ಳಿಯ ಜನ ಏನನ್ನು ಕಂಡರು, ಏನನ್ನು ತಿಳಿದರು ಎಂಬುದೂ ಆ ಪ್ರಯೋಗದಲ್ಲಿ ಅಧ್ಯಯನದ ವಸ್ತುವಾಗಿತ್ತು. ನೋಡುವವರ ಬಳಿಗೆ ಹೋಗಿ ಕೇಳದೆ ಚಿತ್ರದ ಗುಣವನ್ನು ನಿರ್ಣಯಿಸಲಾಗದೆಂಬ ಪಾಠ ಅಂದಿನದು. ನಾವು ಅದನ್ನು ಮತ್ತೆ ಮತ್ತೆ ಮರೆಯುತ್ತೇವೆ.

ಗುಂಪಿನಲ್ಲಿ ಕೆಲಸ ಮಾಡುವುದಕ್ಕೂ ಅದರದೇ ಕಷ್ಟಗಳುಂಟು. ನಮ್ಮ ಆರು ಜನರಲ್ಲಿ ಒಬ್ಬನು, ಚಿತ್ರಣವನ್ನು ಇನ್ನೊಬ್ಬನು ಕಂಪ್ಯೂಟರಿಗೆ ಇಳಿಸಿಕೊಂಡಿರುವನೆಂದು ಭಾವಿಸಿ ಮೆಮೊರಿ ಕಾರ್ಡನ್ನು ಅಳಿಸಿಬಿಟ್ಟನು. ಒಂದು ಬೆಳಗಿನ ಕೆಲಸವೆಲ್ಲ ಹೋಯಿತು. ಮೊದಲ ದಿನ ಸಂಕೋಚವಿಲ್ಲದೆ ಮಾತನಾಡಿದ್ದ ಹಿರಿಯರೊಬ್ಬರು ಎರಡನೆಯ ದಿನ ಬಾಯಿ ತೆರೆಯಲಿಲ್ಲ. ಅವರ ಮಾತು ಚಿತ್ರದಲ್ಲಿ ಇಂದಿಗೂ ಇಲ್ಲ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ — ಎಂಬ ಪ್ರಸಿದ್ಧ ನಿಯಮವನ್ನು ಅವರಿಗೆ ನಾವು ಹಿಂದೆಯೇ ಹೇಳಿದ್ದೆವು. ಅದು ಮನಸ್ಸಿಗೆ ನಾಟಿದ್ದು ಅಂದು. ಯಾರ ಕೆಲಸ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಆರಂಭವಾಗುತ್ತದೆಂಬುದನ್ನು ಬರೆದಿಡದ ಗುಂಪು ಗುಂಪಲ್ಲ, ಜಂಗುಳಿ.

ಈಗ ಆಕ್ಷೇಪಗಳನ್ನು ನೋಡೋಣ. ಪಠ್ಯಕ್ರಮ ಹಿಂದುಳಿಯುತ್ತದೆ ಎಂಬುದು ಮೊದಲನೆಯದು. ವರ್ಷಕ್ಕೆ ಒಂದೇ ಕೆಲಸವನ್ನು, ಅದೂ ರಜೆಯ ಆರಂಭದಲ್ಲಿ ಕೈಗೊಂಡರೆ ಈ ಭಯಕ್ಕೆ ಅವಕಾಶವಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ವಿದ್ಯಾರ್ಥಿಗಳು ಪುಕ್ಕಟೆಯಾಗಿ ದುಡಿದರೆ, ಅದೇ ವೃತ್ತಿಯಿಂದ ಹೊಟ್ಟೆ ಹೊರೆಯುವ ಊರಿನ ಛಾಯಾಗ್ರಾಹಕರ ಗತಿಯೇನು? ಇದು ನ್ಯಾಯವಾದ ಪ್ರಶ್ನೆ. ಹಣ ಕೊಟ್ಟು ಮಾಡಿಸಬಲ್ಲವರ ಕೆಲಸವನ್ನು ಕಾಲೇಜು ಮುಟ್ಟಬಾರದು. ಸಣ್ಣ ಸಹಕಾರ ಸಂಘ, ಸರ್ಕಾರಿ ಶಾಲೆ, ಗ್ರಂಥಾಲಯ ಇಂತಹವಕ್ಕೆ ಮಾತ್ರ ನಮ್ಮ ಸೇವೆ ಮೀಸಲಾಗಿರಲಿ.

ಮೂರನೆಯದೇ ಎಲ್ಲಕ್ಕಿಂತ ಗಂಭೀರವಾದದ್ದು. ಅರ್ಧ ಕಲಿತವರ ಕೈಗೆ ಪರರ ಕೆಲಸವನ್ನು ಒಪ್ಪಿಸುವುದು ಸರಿಯೆ? ಕಲಿಯುವವನ ತಪ್ಪಿನ ದಂಡವನ್ನು ಆ ಹಾಲಿನ ಹೆಂಗಸು ತೆರಬೇಕೆ? ತೆರಬಾರದು. ನಮ್ಮ ಚಿತ್ರದಲ್ಲಿ ತಪ್ಪಿದವರು ವಿದ್ಯಾರ್ಥಿಗಳಲ್ಲ, ಪರೀಕ್ಷಿಸದೆ ಒಪ್ಪಿದ ನಾವು. ಆದುದರಿಂದ ನಿಜವಾದ ಕೆಲಸದ ಮೂಲಕ ಕಲಿಸಬಯಸುವ ಅಧ್ಯಾಪಕರು ಕೆಲವು ಕಟ್ಟುಪಾಡುಗಳನ್ನು ಪಾಲಿಸಲೇಬೇಕೆಂದು ನಮಗೆ ತೋರುತ್ತದೆ. ಏನು ಮಾಡಿಕೊಡುತ್ತೇವೆ, ಯಾವಾಗ ಕೊಡುತ್ತೇವೆ, ಎಷ್ಟು ಸಲ ತಿದ್ದುತ್ತೇವೆ ಎಂಬುದನ್ನು ಬರೆವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಚಿತ್ರದಲ್ಲಿ ಕಾಣಿಸಿಕೊಳ್ಳುವವರ ಅನುಮತಿಯನ್ನು, ಅವರಿಗೆ ಅರ್ಥವಾಗುವಂತೆ ಹೇಳಿ, ಪಡೆಯಬೇಕು. ಸಾರ್ವಜನಿಕವಾಗಿ ತೋರಿಸುವ ಮುನ್ನ ಆ ವಿಷಯವನ್ನು ಬಲ್ಲವರಿಗೂ, ಏನೂ ತಿಳಿಯದ ನಾಲ್ವರಿಗೂ ಚಿತ್ರವನ್ನು ತೋರಿಸಬೇಕು. ಕ್ಯಾಮೆರ, ಧ್ವನಿ, ಸಂಕಲನ, ಬರೆವಣಿಗೆ ಇವುಗಳಲ್ಲಿ ಎಲ್ಲರಿಗೂ ಸರದಿ ಬರಬೇಕು. ಪ್ರತಿಯೊಬ್ಬರೂ ತಮ್ಮ ಕೆಲಸದ ದಿನಚರಿಯನ್ನು ಬರೆದಿಟ್ಟು, ಕೊನೆಯಲ್ಲಿ ಬಾಯಿಪರೀಕ್ಷೆಗೆ ನಿಲ್ಲಬೇಕು. ಹಾಗಿಲ್ಲದಿದ್ದರೆ ದುಡಿದವರ ನೆರಳಿನಲ್ಲಿ ಸೋಮಾರಿಗಳು ಸುಖವಾಗಿರುತ್ತಾರೆ. ಕಡೆಯದಾಗಿ, ತಪ್ಪಾದರೆ ತಿದ್ದಿಕೊಡುವ ಹೊಣೆ ಅಧ್ಯಾಪಕರದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನೀವು ತೆಗೆದ ಚಿತ್ರವನ್ನು ಗೆಳೆಯರು ಹೊಗಳುವುದು ಸುಲಭ. ಅದರಿಂದ ನಿಮಗೆ ಸಂತೋಷವಾಗುತ್ತದೆ, ವಿದ್ಯೆ ಬರುವುದಿಲ್ಲ. ನಿಮ್ಮ ಊರಿನಲ್ಲಿ ಯಾರಿಗೋ ಏನನ್ನೋ ತಿಳಿಸಬೇಕಾಗಿದೆ. ತಿಳಿಸಲು ಅವರಿಗೆ ಸಾಧನವಿಲ್ಲ. ಅಂತಹವರನ್ನು ಹುಡುಕಿ, ನಾಲ್ವರು ಜೊತೆಗೂಡಿ, ಅಧ್ಯಾಪಕರೊಬ್ಬರನ್ನು ಒಪ್ಪಿಸಿ ಆರಂಭಿಸಿರಿ. ಚಿತ್ರ ಮುಗಿದ ದಿನ ಹಿಂದಿನ ಸಾಲಿನಲ್ಲಿ ಕುಳಿತವರ ಕಡೆ ನೋಡಿರಿ. ಅಲ್ಲಿಂದ ಬರುವ ಪ್ರಶ್ನೆಗೆ ಉತ್ತರ ಹುಡುಕುವಾಗ ನಿಮ್ಮ ಪಾಠಪುಸ್ತಕದ ಯಾವ ಅಧ್ಯಾಯ ನೆರವಾಗುವುದೆಂದು ಮೊದಲೇ ಹೇಳಲು ನಮ್ಮಿಂದಲೂ ಆಗದು.