ಮಡಚುವ ಚಾಕುವಿನ ಪಿನ್ನು ಮತ್ತು ಮಾರಾಟಗಾರನ ಹೊಣೆ

ಗಾಂಧಿ ಬಜಾರಿನಲ್ಲಿ ಬಾಳೆ ಎಲೆಯ ಕಟ್ಟು ಬಿಚ್ಚುವವರ ಕೈಯಲ್ಲಿ, ಮಲ್ಲೇಶ್ವರದ 8ನೇ ಅಡ್ಡರಸ್ತೆಯ ಹೂವಿನ ಬುಟ್ಟಿಗಳ ಪಕ್ಕದಲ್ಲಿ, ಲಾಲ್‌ಬಾಗಿನ ಆಸುಪಾಸಿನ ನರ್ಸರಿಗಳಲ್ಲಿ ಕಸಿ ಕಟ್ಟುವವರ ಬಳಿ, ವೈರಿಂಗ್ ಕೆಲಸಗಾರರ ಜೇಬಿನಲ್ಲಿ ಒಂದು ವಸ್ತು ಸಮಾನವಾಗಿ ಕಂಡುಬರುತ್ತದೆ. ಅದು ಅಗ್ಗದ ಮಡಚುವ ಚಾಕು. ಚಿಕ್ಕಪೇಟೆ, ಎಸ್.ಜೆ.ಪಿ. ರಸ್ತೆಗಳ ಅಂಗಡಿಗಳಿಂದ ಡಜನ್ ಲೆಕ್ಕದಲ್ಲಿ ಹೊರಡುವ ಈ ಸರಕಿನ ಬಗ್ಗೆ ವರ್ತಕರಾದ ನಾವು ಯೋಚಿಸುವುದು ಕಡಿಮೆ. ಲಾಭಾಂಶ ಅಲ್ಪ, ದೂರು ಬಂದರೆ ಇನ್ನೊಂದು ಕೊಟ್ಟು ಕಳುಹಿಸಿದರಾಯಿತು ಎಂಬುದು ರೂಢಿ. ಈ ರೂಢಿಯನ್ನು ಮುಂದುವರಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ವಿವೇಕವಲ್ಲವೆಂಬುದು ನನ್ನ ಅಭಿಪ್ರಾಯ.

ಹಿಂದಿರುಗಿ ಬಂದ ಚಾಕುಗಳನ್ನು ಬಿಚ್ಚಿ ನೋಡಿದಾಗ ಅಲಗು ಬಹುಮಟ್ಟಿಗೆ ಚೆನ್ನಾಗಿಯೇ ಇರುವುದನ್ನು ಕಂಡಿದ್ದೇನೆ. ಸೋತಿರುವುದು ಅಲಗು ತಿರುಗುವ ಪಿನ್ನು. ಮೆದು ತಂತಿಯ ತುಂಡೊಂದನ್ನು ಅಗತ್ಯಕ್ಕಿಂತ ದೊಡ್ಡದಾದ ರಂಧ್ರದಲ್ಲಿ ತೂರಿಸಿ, ಎರಡು ತುದಿಗಳನ್ನು ಬಡಿದು ಬಿಟ್ಟಿರುತ್ತಾರೆ. ಅಲಗಿನ ಉಕ್ಕು ಗಡಸು, ಪಿನ್ನು ಮೆದು. ಪ್ರತಿ ಬಾರಿ ತೆರೆದು ಮುಚ್ಚುವಾಗಲೂ ರಂಧ್ರದ ಅಂಚು ಪಿನ್ನನ್ನು ಸವೆಸುತ್ತದೆ. ಹಿಡಿಯ ತಗಡಿನಲ್ಲಿರುವ ರಂಧ್ರಗಳೂ ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಅಲಗು ಅಲುಗಾಡತೊಡಗಿದ ಮೇಲೆ ಲಾಕ್ ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ಒತ್ತಿ ಕತ್ತರಿಸುವಾಗ ಚಾಕು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಮೊಂಡಾದ ಚಾಕು ಕೆಲಸ ಕೆಡಿಸೀತು, ಸಡಿಲವಾದ ಚಾಕು ಕೈಯನ್ನೇ ಕೆಡಿಸುತ್ತದೆ.

ಹಿತ್ತಾಳೆಯ ಪಿನ್ನು ಎಂದೊಡನೆ ಕಳಪೆ ಎಂದು ತೀರ್ಮಾನಿಸುವವರಿದ್ದಾರೆ. ಅದು ಸರಿಯಲ್ಲ. ಸ್ವಿಟ್ಜರ್‌ಲೆಂಡಿನ ಹೆಸರಾಂತ ಜೇಬುಚಾಕುಗಳಲ್ಲಿಯೂ ಹಿತ್ತಾಳೆಯ ರಿವೆಟ್ಟುಗಳೇ ಇವೆ. ಲೋಹಕ್ಕಿಂತ ಅಳತೆ ಮುಖ್ಯ: ರಂಧ್ರವೂ ಪಿನ್ನೂ ಒಂದಕ್ಕೊಂದು ಹೊಂದಿರಬೇಕು. ನಮ್ಮ ಮನೆಗಳ ಅಡಕೊತ್ತನ್ನೇ ನೋಡಿ. ಗಟ್ಟಿ ಅಡಕೆಯನ್ನು ವರ್ಷಗಟ್ಟಲೆ ಕತ್ತರಿಸಿದರೂ ಅದರ ಕೀಲು ನಿಲ್ಲುವುದು ದಪ್ಪನೆಯ ರಿವೆಟ್ಟಿನಿಂದ. ಸಡಿಲವಾದರೆ ಸುತ್ತಿಗೆಯ ಎರಡು ಪೆಟ್ಟಿಗೆ ಮತ್ತೆ ಬಿಗಿಯಾಗುತ್ತದೆ.

ಇನ್ನು ದುರಸ್ತಿಯ ವಿಚಾರ. ಹಳೆಯ ಪಿನ್ನಿನ ತಲೆಯನ್ನು ಉಜ್ಜಿ ತೆಗೆದು, ಪಂಚಿನಿಂದ ಹೊರದೂಡಿ, ರಂಧ್ರವನ್ನು ಮತ್ತೆ ದುಂಡಗೆ ಮಾಡಿ, ಒಂದು ಅಳತೆ ದಪ್ಪನೆಯ ಪಿನ್ನು ಹಾಕುವುದೇ ಕ್ರಮ. 2 ಮಿ.ಮೀ. ಪಿನ್ನಿನ ಬದಲು ಅದೇ ಲೋಹದ 3 ಮಿ.ಮೀ. ಪಿನ್ನು ಹಾಕಿದರೆ ಅಡ್ಡಕೊಯ್ತದ ವಿಸ್ತೀರ್ಣ, ಅದರೊಡನೆ ತುಂಡಾಗದೆ ತಡೆಯುವ ಶಕ್ತಿ, 2.25 ಪಟ್ಟಾಗುತ್ತದೆ. ಆದರೆ ರಂಧ್ರದ ಸುತ್ತ ಸಾಕಷ್ಟು ಲೋಹ ಉಳಿಯದಿದ್ದರೆ ಅಲಗಿನ ಬುಡವೇ ಸೀಳೀತು. ಗಡಸು ಅಲಗಿನ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಓಡುವುದಿಲ್ಲ. ಕಾರ್ಬೈಡ್ ಬಿಟ್ ಅಥವಾ ವಜ್ರದ ಪುಡಿ ಲೇಪಿಸಿದ ಉಪಕರಣ ಬೇಕು. ಕೆಲವರು ಬುಡವನ್ನು ಕಾಯಿಸಿ ಮೆದು ಮಾಡಿಕೊಳ್ಳುತ್ತಾರೆ. ಕಾವು ಬಾಯಿಯವರೆಗೆ ಹರಿದರೆ ಆ ಚಾಕು ಮತ್ತೆ ಹರಿತ ಹಿಡಿಯಲಾರದು. ಅಂಗಡಿಯಲ್ಲಿ ಸಿಗುವ ಗಡಸು ಡಾವೆಲ್ ಪಿನ್ನು ಆಕರ್ಷಕವಾಗಿ ಕಂಡರೂ ಅದರ ತುದಿಯನ್ನು ಬಡಿದು ಅಗಲಿಸಲಾಗದು, ಬಡಿದರೆ ಸಿಡಿಯುತ್ತದೆ. ರಿವೆಟ್ ಮಾಡುವುದಾದರೆ 304 ದರ್ಜೆಯ ಸ್ಟೇನ್‌ಲೆಸ್ ಸರಳು ಒಳ್ಳೆಯದು. ಗಡಸು ಕೀಲೇ ಬೇಕೆಂದಾದರೆ ಎರಡೂ ಬದಿಯಿಂದ ಸ್ಕ್ರೂ ಬಿಗಿಯುವ ಕೊಳವೆ ಪಿನ್ನು ಹಾಕಬೇಕು. ಅಲಗಿನ ಇಕ್ಕೆಲಗಳಲ್ಲಿ ಫಾಸ್ಫರ್ ಬ್ರಾಂಜ್‌ನ ತೆಳು ವಾಷರ್ ಇಟ್ಟರೆ ಸವೆತ ಕಡಿಮೆಯಾಗುತ್ತದೆ.

ಇಷ್ಟು ಕೆಲಸವನ್ನು ಒಂದೊಂದೇ ಚಾಕುವಿಗೆ ಮಾಡಿಸಿದರೆ ಕೂಲಿಯು ಚಾಕುವಿನ ಬೆಲೆಯನ್ನು ಮೀರುತ್ತದೆಯೆಂಬ ಆಕ್ಷೇಪಣೆ ನ್ಯಾಯವಾದುದೇ. ಪಿನ್ನಿನ ಲೋಹಕ್ಕೆ ತಗಲುವುದು ಚಿಲ್ಲರೆ ಕಾಸು; ದುಬಾರಿಯಾಗುವುದು ಬಿಚ್ಚಿ ಜೋಡಿಸುವ ಶ್ರಮ. ಆದುದರಿಂದಲೇ ಈ ಸುಧಾರಣೆ ಜೋಡಣೆಯ ಹಂತದಲ್ಲಿಯೇ ಆಗಬೇಕು. ಕೊಳ್ಳುವಾಗ ವರ್ತಕರು ಅಲಗನ್ನು ತೆರೆದು, ಅಡ್ಡಡ್ಡ ಅಲುಗಾಡಿಸಿ, ಲಾಕ್ ಹಾಕಿ ಬೆನ್ನಿನ ಮೇಲೆ ಒತ್ತಿ ನೋಡಬೇಕು. ಡಜನ್ನಿಗೆ ಎರಡು ಅಲುಗಾಡಿದರೂ ಸರಕನ್ನು ಹಿಂದಿರುಗಿಸುವ ಧೈರ್ಯ ಬೇಕು. ಅಗ್ಗದ ಸರಕಿನ ಗುಣ ನೋಡುವುದೇ ಅವಮಾನವೆಂಬಂತೆ ನಾವು ವರ್ತಿಸುತ್ತಿದ್ದೇವೆ!

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮನ್ನು ಸದಸ್ಯರು ಒಮ್ಮೆ ಓದಬೇಕೆಂದು ವಿನಂತಿಸುತ್ತೇನೆ. ದೋಷಯುಕ್ತ ಸರಕಿನಿಂದ ಹಾನಿಯಾದಾಗ ತಯಾರಕನ ಗುರುತೇ ತಿಳಿಯದಿದ್ದರೆ ಹೊಣೆ ಮಾರಾಟಗಾರನ ಮೇಲೆ ಬೀಳಬಹುದು. ಹೆಸರಿಲ್ಲದ, ವಿಳಾಸವಿಲ್ಲದ ಚಾಕುವನ್ನು ಮಾರುವವನು ಆ ಚಾಕುವಿನ ಪಿನ್ನಿಗೂ ತಾನೇ ಜಾಮೀನು ನಿಂತಂತಾಯಿತು. ಅದೇ ಕಲಮಿನ ಪ್ರಕಾರ ಮಾರಾಟಗಾರನು ಸರಕನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದರೂ ಹೊಣೆ ಅವನದೇ. ಆದ್ದರಿಂದ ಅಂಗಡಿಯ ಹಿಂಬದಿಯಲ್ಲಿ ಪಿನ್ನು ಬದಲಿಸಿ ಸುಮ್ಮನೆ ಮಾರುವುದನ್ನು ನಾನು ಅನುಮೋದಿಸಲಾರೆ. ಬದಲಿಸುವವರು ತಮ್ಮ ಗುರುತು ಒತ್ತಿ, ಬಿಲ್ಲು ಕೊಟ್ಟು ಮಾರಲಿ.

ಇಲ್ಲಿ ನಮ್ಮ ಸಣ್ಣ ತಯಾರಕರಿಗೆ ಅವಕಾಶವಿದೆ. ವಾಹನಗಳ ಬಿಡಿಭಾಗಕ್ಕಾಗಿ ಇದಕ್ಕಿಂತ ಸೂಕ್ಷ್ಮ ಅಳತೆಯ ಪಿನ್ನು, ಬುಷ್‌ಗಳನ್ನು ಪೀಣ್ಯದ ಘಟಕಗಳು ದಿನನಿತ್ಯ ತಿರುಗಿಸುತ್ತಿವೆ. 3 ಮತ್ತು 4 ಮಿ.ಮೀ. ಅಳತೆಯ ಪಿನ್ನು, ಎರಡು ವಾಷರು, ಎರಡು ಸ್ಕ್ರೂ ಸೇರಿದ ಒಂದು ಜೋಡಿ ಪೊಟ್ಟಣವನ್ನು ತಯಾರಿಸಿದರೆ ಚಾಕು ಜೋಡಿಸುವವರೂ ಸಾಣೆಯವರೂ ಕೊಳ್ಳುತ್ತಾರೆಂಬ ನಂಬಿಕೆ ನನಗಿದೆ. ಬೇಡಿಕೆ ಎಷ್ಟೆಂದು ತಿಳಿಯಲು ಮೊದಲು ನೂರು ಜೋಡಿ ಮಾಡಿಸಿ ನೋಡಿದರೆ ಸಾಕು. ಹಿಂದಿರುಗಿ ಬಂದ ಒಂದು ಡಜನ್ ಚಾಕುಗಳನ್ನು ಬಿಸಾಡದೆ ಎತ್ತಿಟ್ಟಿದ್ದೇನೆ. ಪ್ರಯೋಗ ಮಾಡಬಯಸುವ ಸದಸ್ಯರಿಗೆ ಅವು ಉಚಿತ.