777 ಹೊಡೆದು ಕೈ ತೊಳೆದುಕೊಳ್ಳುವವರಿಗೆ

ವಿಲೆ ಪಾರ್ಲೆ ಪೂರ್ವದಲ್ಲಿ ನಮ್ಮ ಊರಿನವರದೊಂದು ಸಣ್ಣ ಸಂಘವಿದೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮಕ್ಕಳಿಗೆ ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಕೊಡುತ್ತದೆ. ಆಧಾರ್, ರೇಷನ್ ಕಾರ್ಡು, ಆದಾಯದ ದಾಖಲೆ ಎಲ್ಲವನ್ನೂ ಸಂಘದ ವೆಬ್‌ಸೈಟಿಗೆ ಹಾಕಬೇಕು. ಅದನ್ನು ನೋಡಿಕೊಳ್ಳುವ ಹುಡುಗ ಕಂಪ್ಯೂಟರ್ ಪದವಿ ಓದಿದವನು, ಚುರುಕು. ಈ ಸಲ ಅರ್ಜಿಗಳು ಒಳಗೆ ಹೋಗದೆ ‘ಪರ್ಮಿಷನ್ ಡಿನೈಡ್’ ಅಂದಾಗ ನನಗೆ ಫೋನ್ ಮಾಡಿದ. ನಾನು ತಲುಪುವ ಹೊತ್ತಿಗೆ ಅವನೇ ಸರಿಮಾಡಿದ್ದ. "ಏನೂ ತೊಂದರೆ ಇಲ್ಲ ಅಣ್ಣ, 777 ಕೊಟ್ಟೆ."

ಇದು ಅವನೊಬ್ಬನ ಮಾತಲ್ಲ. ಯಾವ ವಿಡಿಯೊ ನೋಡಿ, ಯಾವ ಲ್ಯಾಬಿನಲ್ಲಿ ಕೇಳಿ, ಪರ್ಮಿಷನ್ನಿನ ತಕರಾರಿಗೆ 777 ಎಂಬುದು ನಮ್ಮಲ್ಲಿ ಮನೆಮದ್ದು. ನನ್ನ ಜಗಳ ಈ ಮದ್ದಿನ ಜೊತೆಗೆ, ಅದನ್ನು ಕಲಿಸುವವರ ಜೊತೆಗೆ.

ಮೊದಲು ಅವನು ಏನು ಮಾಡಿದ್ದ ಎಂದು ನೋಡಿ. ಪೈಥಾನ್ ಪ್ರೋಗ್ರಾಮಿನಲ್ಲಿ ಅಪ್‌ಲೋಡ್ ಫೋಲ್ಡರಿಗೆ ಸಿಎಚ್‌ಮಾಡ್ ಕರೆದು 777 ಎಂದು ಬರೆದಿದ್ದ. ಟರ್ಮಿನಲ್ಲಿನಲ್ಲಿ ಟೈಪ್ ಮಾಡುವ 777 ಎಂಟರ ಲೆಕ್ಕದ್ದು, ಅಂದರೆ ಆಕ್ಟಲ್. ಪೈಥಾನಿಗೆ ಬರಿಯ 777 ಹತ್ತರ ಲೆಕ್ಕದ ಏಳುನೂರ ಎಪ್ಪತ್ತೇಳು. ಅದನ್ನು ಎಂಟರ ಲೆಕ್ಕಕ್ಕೆ ತಿರುಗಿಸಿದರೆ 1411. ಒಡೆಯನಿಗೆ ಓದುವ ಹಕ್ಕು ಮಾತ್ರ, ಬರೆಯುವ ಹಕ್ಕೂ ಇಲ್ಲ, ಒಳಹೋಗುವ ಹಕ್ಕೂ ಇಲ್ಲ. ಫೋಲ್ಡರಿನಲ್ಲಿ ಓದುವುದೆಂದರೆ ಒಳಗಿನ ಹೆಸರುಗಳ ಪಟ್ಟಿ ನೋಡುವುದಷ್ಟೇ. ಸೊಸೈಟಿಯ ಗೇಟಿನ ಹೊರಗೆ ನಿಂತು ನಾಮಫಲಕ ಓದಿದ ಹಾಗೆ. ವಾಚ್‌ಮನ್ ಒಳಗೆ ಬಿಡುವುದಿಲ್ಲ. ಎಲ್ಲ ಬಾಗಿಲು ತೆರೆಯಲು ಹೋಗಿ ತನ್ನ ಬಾಗಿಲಿಗೇ ಬೀಗ ಜಡಿದಿದ್ದ.

ಆಮೇಲೆ ಗಾಬರಿಯಲ್ಲಿ ಆ ಸಾಲು ಅಳಿಸಿ, ಟರ್ಮಿನಲ್ಲಿಗೆ ಹೋಗಿ ಅದೇ 777 ಅನ್ನು ಒಳಗಿನ ಫೈಲುಗಳಿಗೂ ಸೇರಿಸಿ ಹೊಡೆದ. ಈಗ ಕೆಲಸ ಆಯಿತು. ಮೇಲಿನ ಫೋಲ್ಡರುಗಳು ಮೊದಲೇ ತೆರೆದಿದ್ದವು. ಹೀಗಾಗಿ ಅದೇ ಸರ್ವರಿನಲ್ಲಿ ಜಾಗ ಬಾಡಿಗೆ ಪಡೆದ ಅಪರಿಚಿತರ ಪ್ರೋಗ್ರಾಮ್‌ಗಳೂ ಆ ಆಧಾರ್ ಪ್ರತಿಗಳನ್ನು ಓದಬಹುದಿತ್ತು, ತಿದ್ದಬಹುದಿತ್ತು, ಅಳಿಸಬಹುದಿತ್ತು. ಅಳಿಸುವ ಹಕ್ಕು ಫೈಲಿನದಲ್ಲ, ಫೋಲ್ಡರಿನದು ಎಂಬುದನ್ನು ಎಷ್ಟು ತರಗತಿಗಳಲ್ಲಿ ಹೇಳುತ್ತಾರೆ? ಫೈಲನ್ನು ‘ಓದಲು ಮಾತ್ರ’ ಮಾಡಿಟ್ಟು ಫೋಲ್ಡರನ್ನು 777 ಬಿಟ್ಟರೆ ಕಪಾಟಿಗೆ ಬೀಗ ಹಾಕಿ, ಕಪಾಟನ್ನು ಬೀದಿಯಲ್ಲಿಟ್ಟ ಹಾಗೆ.

ಇಷ್ಟಕ್ಕೆ ಮುಗಿಯಲಿಲ್ಲ. ರಾತ್ರಿ ಓಡುವ ಬ್ಯಾಕಪ್ ಪ್ರೋಗ್ರಾಮಿನಲ್ಲಿ ಯಾರೋ ಹಿಂದೆ ಬರೆದಿದ್ದ ಒಂದು ಸಾಲಿತ್ತು: ಮೋಡ್ 33188 ಆಗಿದ್ದರೆ ಅದು ಫೈಲು, ನಕಲು ಮಾಡು. ಈ ಸಂಖ್ಯೆಯನ್ನು ಮಂತ್ರದ ಹಾಗೆ ಉಳಿಸಿಕೊಂಡು ಬಂದಿದ್ದರು. ಅದು ಒಂದು ಸಂಗತಿಯಲ್ಲ, ಎರಡು. ಹದಿನಾರು ಬಿಟ್‌ಗಳ ಆ ಅಂಕಿಯಲ್ಲಿ ಮೇಲಿನ ನಾಲ್ಕು ಬಿಟ್ ಇದು ಯಾವ ಬಗೆಯ ವಸ್ತು ಎಂದು ಹೇಳುತ್ತವೆ. ಕೆಳಗಿನ ಒಂಬತ್ತು, ಯಾರಿಗೆ ಏನು ಹಕ್ಕು ಎಂದು. ನಡುವಿನ ಮೂರು ವಿಶೇಷ ಬಿಟ್‌ಗಳು, ಈಗ ಬೇಡ. 33188 ಎಂದರೆ ‘ಸಾಧಾರಣ ಫೈಲು’ ಎಂಬ 32768ಕ್ಕೆ 644ರ ಹಕ್ಕು, ಅಂದರೆ 420, ಕೂಡಿಸಿದ್ದು. ಹಕ್ಕು 777 ಆದ ಕೂಡಲೇ ಮೊತ್ತ 33279. ಬ್ಯಾಕಪ್ಪಿನ ಕಣ್ಣಿಗೆ ಆ ಅರ್ಜಿಗಳು ಫೈಲುಗಳೇ ಅಲ್ಲ! ಸದ್ದಿಲ್ಲದೆ ಬಿಟ್ಟು ಮುಂದೆ ಹೋಯಿತು.

ಇನ್ನು ಕೆಲವರು ಜಾಣರು, 32768ರ ಬಿಟ್ ಇದೆಯೇ, 16384ರ ಬಿಟ್ ಇದೆಯೇ ಎಂದಷ್ಟೇ ನೋಡುತ್ತಾರೆ. ಮೊದಲನೆಯದು ಫೈಲಂತೆ, ಎರಡನೆಯದು ಫೋಲ್ಡರಂತೆ. ಸಾಕೆಟ್ಟಿನಲ್ಲಿ ಎರಡೂ ಇವೆ. ಅದು ಎರಡೂ ಅಲ್ಲ. ಪೈಥಾನಿನ ಸ್ಟ್ಯಾಟ್ ಮಾಡ್ಯೂಲಿನಲ್ಲಿ ಬಗೆಯನ್ನು ಕೇಳಲು ಬೇರೆ ಫಂಕ್ಷನ್, ಹಕ್ಕನ್ನು ಬೇರ್ಪಡಿಸಲು ಬೇರೆ ಫಂಕ್ಷನ್ ಇಟ್ಟಿರುವುದು ಇದಕ್ಕೇ. ಗೋ ಭಾಷೆ ಫೋಲ್ಡರಿನ ಗುರುತನ್ನೇ ಬೇರೆ ಬಿಟ್‌ಗೆ, ಮೂವತ್ತೆರಡರಲ್ಲಿ ತುತ್ತತುದಿಯದಕ್ಕೆ, ಒಯ್ದಿದೆ. ಬಾಯಿಪಾಠ ಮಾಡಿದ ಅಂಕಿ ಅಲ್ಲಿ ನಡೆಯುವುದಿಲ್ಲ.

ಭಾಷೆ ಕಟ್ಟಿದವರನ್ನೂ ಸುಮ್ಮನೆ ಬಿಡಲಾರೆ. ಹಳೆಯ ಪೈಥಾನಿನಲ್ಲಿ 0644 ಎಂದು ಬರೆದರೆ ಎಂಟರ ಲೆಕ್ಕ. 2008ರ ಪೈಥಾನ್ 3 ಅದನ್ನು ತಪ್ಪೆಂದು ನಿಲ್ಲಿಸಿತು; ಸೊನ್ನೆಯ ನಂತರ ಇಂಗ್ಲಿಷಿನ ಓ ಅಕ್ಷರ ಹಾಕಬೇಕು. ಒಳ್ಳೆಯ ನಿರ್ಧಾರವೇ. ಆದರೆ ಹೊಸಬರು ಏನು ಮಾಡುತ್ತಾರೆ? ಓ ಸೇರಿಸುವ ಬದಲು ಸೊನ್ನೆಯನ್ನೇ ಅಳಿಸುತ್ತಾರೆ. ಪ್ರೋಗ್ರಾಮ್ ತಕರಾರಿಲ್ಲದೆ ಓಡುತ್ತದೆ, 644 ಎಂಟರ ಲೆಕ್ಕದಲ್ಲಿ 1204 ಆಗುತ್ತದೆ: ಒಡೆಯ ತನ್ನ ಫೈಲನ್ನು ಓದಲಾರ, ಹೊರಗಿನವರು ಓದಬಲ್ಲರು. ನೋಡ್‌ನಲ್ಲಿ ಉದ್ಧರಣ ಚಿಹ್ನೆಯೊಳಗೆ 644 ಎಂದರೆ ಎಂಟರ ಲೆಕ್ಕ, ಚಿಹ್ನೆ ತೆಗೆದರೆ ಹತ್ತರದು. ಇಂಥ ಅಂಕಿಯನ್ನು ವಿವರಿಸದೆ ಬೋರ್ಡಿನ ಮೇಲೆ ಬರೆದು ‘ನೆನಪಿಟ್ಟುಕೊಳ್ಳಿ’ ಎನ್ನುವ ಮೇಷ್ಟರಿಗೆ ಸಂಬಳ ಯಾತಕ್ಕೆ?

‘ಈಗೆಲ್ಲ ಕ್ಲೌಡ್, ಇದನ್ನು ಯಾರು ಕೇಳುತ್ತಾರೆ’ ಎನ್ನುವವರೂ ಇದ್ದಾರೆ. ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವುದೂ ಬಹುಪಾಲು ಲಿನಕ್ಸ್ ಯಂತ್ರವೇ. ಪಾರ್ಲೆಯ ಪಕ್ಕದ ಜುಹುವಿನಲ್ಲಿ ಎನ್‌ಸಿಎಸ್‌ಟಿ ಇತ್ತು. 1980ರ ದಶಕದಲ್ಲಿ ದೇಶದ ಮೊದಮೊದಲ ಇ-ಮೇಲ್‌ಗಳು ಓಡಾಡಿದ ಜಾಗಗಳಲ್ಲಿ ಅದೂ ಒಂದು. ಅಂಥ ಕಡೆಯಿಂದ ಆಟೋ ದೂರದಲ್ಲಿ ಕೂತು ನಾವು ಒಂಬತ್ತು ಬಿಟ್ ಓದಲು ಬೇಸರಪಡುತ್ತಿದ್ದೇವೆ.

ಆ ರಾತ್ರಿ ಹುಡುಗನ ಜೊತೆ ಕೂತು ಫೋಲ್ಡರಿಗೆ 750, ಫೈಲುಗಳಿಗೆ 640 ಕೊಟ್ಟೆವು. 33188ರ ಸಾಲನ್ನು ಕಿತ್ತು ಬಗೆ ಕೇಳುವ ಫಂಕ್ಷನ್ ಹಾಕಿದೆವು. ಅವನು ಅವಮಾನಪಟ್ಟುಕೊಳ್ಳಲಿಲ್ಲ, ಸಿಟ್ಟಾದ: "ಮೂರು ವರ್ಷ ಫೀಸು ಕಟ್ಟಿದೆ ಅಣ್ಣ, ಒಬ್ಬರೂ ಹೇಳಿಲ್ಲ." ಮರುದಿನ ಅರ್ಜಿ ಹಾಕಿದ ಮನೆಗಳಿಗೆ ಫೋನ್ ಮಾಡಿ ನಡೆದದ್ದು ತಿಳಿಸಿದೆವು. ಒಬ್ಬ ತಾಯಿ ಕೇಳಿದರು, ನಮ್ಮ ಕಾಗದಗಳನ್ನು ಯಾರಾದರೂ ನೋಡಿದ್ದಾರಾ ಎಂದು. ಯಾರು ಓದಬಹುದಿತ್ತು ಎಂಬುದನ್ನು ಆ ಬಿಟ್‌ಗಳು ಹೇಳುತ್ತವೆ. ಯಾರು ಓದಿದರು ಎಂಬುದನ್ನು ಬರೆದಿಡುವುದಿಲ್ಲ. ಗೊತ್ತಿಲ್ಲ ಅಕ್ಕ, ಎಂದೆ.